ತಿಳಿದ ಕಥೆಯ ಕುತೂಹಲ

ಕಥೆಯ ಕೊನೆಯನ್ನು ಮೊದಲೇ ಅರಿತವನಿಗೆ ಕುತೂಹಲವುಂಟೆ ಎಂದು ಕೇಳಿದರೆ ಇಲ್ಲವೆಂಬ ಉತ್ತರವೇ ಲೋಕರೂಢಿಯಾಗಿದೆ. ರಹಸ್ಯಚಿತ್ರಗಳನ್ನು ಕುರಿತು ಬರೆಯುವವರು ಗುಟ್ಟು ಬಯಲಾದೀತೆಂದು ಅಂಜಿ ಅಂಜಿ ಬರೆಯುವುದೂ ಅದರಿಂದಲೇ. ಆದರೆ ಮುಧೋಳ, ಜಮಖಂಡಿ, ಬೀಳಗಿಯ ಸೀಮೆಯಲ್ಲಿ ಶ್ರೀಕೃಷ್ಣ ಪಾರಿಜಾತದ ಆಟಕ್ಕೆ ಕೂಡುವ ಮಂದಿಯನ್ನು ಕಂಡವರಿಗೆ ಈ ಉತ್ತರ ಒಪ್ಪಿಗೆಯಾಗಲಾರದು. ನಾರದನು ತಂದ ಹೂವು ರುಕ್ಮಿಣಿಯ ಮುಡಿಗೇರುವುದನ್ನೂ ಸತ್ಯಭಾಮೆ ಮುನಿಯುವುದನ್ನೂ ಅರಿಯದವನು ಅಲ್ಲಿ ಒಬ್ಬನೂ ಇರನು. ಆದರೂ ರಬಕವಿ-ಬನಹಟ್ಟಿಯ ನೇಕಾರನು ಹಗಲೆಲ್ಲ ಮಗ್ಗದ ಮುಂದೆ ದುಡಿದು ಬಂದು ಬೆಳತನಕ ಕಣ್ಣೆವೆಯಿಕ್ಕದೆ ಕುಳಿತಿರುತ್ತಾನೆ. ಸುದ್ದಿ ಭಾಮೆಗೆ ಯಾವ ಗಳಿಗೆಯಲ್ಲಿ ಮುಟ್ಟೀತು, ಮುಟ್ಟಿದಾಗ ಅವಳ ಮೋರೆ ಹೇಗಾದೀತು ಎಂಬುದೇ ಅವನ ಕಾತರ.

1899ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, 1939ರಲ್ಲಿ ಅಮೆರಿಕೆಗೆ ಹೋಗಿ, ಐವತ್ತಕ್ಕೂ ಹೆಚ್ಚು ಚಿತ್ರಗಳನ್ನು ನಿರ್ದೇಶಿಸಿದ ಆಲ್ಫ್ರೆಡ್ ಹಿಚ್‌ಕಾಕನು ತನ್ನ ಕಲೆಯನ್ನು ಬಹುಮಟ್ಟಿಗೆ ತಿಳಿದವನಿಗೇ ಕಾತರ ಹೆಚ್ಚೆಂಬ ಈ ತತ್ತ್ವದ ಮೇಲೆಯೇ ಕಟ್ಟಿದನು. ಮೇಜಿನ ಕೆಳಗಿನ ಬಾಂಬು ಹಠಾತ್ತನೆ ಸಿಡಿದರೆ ನೋಡುವವನು ಕ್ಷಣಮಾತ್ರ ಬೆಚ್ಚುತ್ತಾನೆ. ಅದು ಅಲ್ಲಿರುವುದನ್ನು ಮೊದಲೇ ತೋರಿಸಿದರೆ ಮೇಜಿನ ಸುತ್ತ ಕುಳಿತವರ ಕಾಡುಹರಟೆಯೂ ಸಹಿಸಲಾಗದಂತಾಗುತ್ತದೆ: ಫ್ರೆಂಚ್ ನಿರ್ದೇಶಕ ತ್ರುಫೋನಿಗೆ ಅವನು ವಿವರಿಸಿದ ಸೂತ್ರವಿದು. 1958ರ 'ವರ್ಟಿಗೊ' ಚಿತ್ರದಲ್ಲಿ ಅವನು ಇದಕ್ಕೂ ಮಿಗಿಲಾದ ಸಾಹಸಕ್ಕೆ ಕೈಯಿಕ್ಕಿದನು. ಮೂಲದ ಫ್ರೆಂಚ್ ಕಾದಂಬರಿ ಕೊನೆಯವರೆಗೂ ಬಚ್ಚಿಟ್ಟ ಗುಟ್ಟನ್ನು, ಚಿತ್ರವಿನ್ನೂ ಬಹಳಷ್ಟು ಉಳಿದಿರುವಾಗಲೇ, ನಾಯಕಿ ಜೂಡಿಯು ಪತ್ರ ಬರೆಯಲು ಕುಳಿತ ದೃಶ್ಯದಲ್ಲಿ ಪ್ರೇಕ್ಷಕರ ಕೈಗೆ ಒಪ್ಪಿಸಿಬಿಟ್ಟನು. ಅವಳು ಆ ಪತ್ರವನ್ನು ಹರಿದುಹಾಕುತ್ತಾಳೆ. ನಾಯಕ ಸ್ಕಾಟಿಗೆ ಏನೂ ತಿಳಿಯದು. ಮುಂದೆ ಅವನು ಅವಳ ಉಡುಗೆಯನ್ನೂ ಕೂದಲಿನ ಬಣ್ಣವನ್ನೂ ಸತ್ತಳೆಂದು ನಂಬಿದವಳ ರೂಪಕ್ಕೆ ತಿದ್ದುತ್ತ ಹೋದಂತೆಲ್ಲ ನಮ್ಮ ಸಂಕಟ ಇಮ್ಮಡಿಸುತ್ತದೆ. ಗುಟ್ಟರಿಯದವನಿಗೆ ಅದು ಬರಿಯ ಹುಚ್ಚಾಟವಾಗಿ ತೋರುತ್ತಿತ್ತು.

ಮುಧೋಳದ ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನನು ಈ ಮರ್ಮವನ್ನು ಸಾವಿರ ವರ್ಷಗಳ ಹಿಂದೆಯೇ ಬಲ್ಲವನಾಗಿದ್ದನು. ಗದಾಯುದ್ಧದ ಫಲ ಯಾರಿಗೆ ತಿಳಿಯದು? ದುರ್ಯೋಧನನು ವೈಶಂಪಾಯನ ಸರೋವರದಲ್ಲಿ ಅಡಗಿರುವುದನ್ನು ನಮಗೆ ಮೊದಲೇ ಅರುಹಿ, ದಡದ ಮೇಲೆ ಭೀಮನ ಗರ್ಜನೆಯನ್ನೆಬ್ಬಿಸಿ, ನೀರೊಳಗಿದ್ದೂ ಆ ಛಲದ ಅರಸನು ಬೆವರುವಂತೆ ಕವಿ ಮಾಡುತ್ತಾನೆ. ಅವನು ಮೇಲೇಳುವನೆಂಬುದನ್ನು ಬುದ್ಧಿ ಬಲ್ಲುದು. ಏಳದಿರಲೆಂದು ಹೃದಯ ಹಾರೈಸುತ್ತದೆ. ಇವೆರಡರ ಜಗ್ಗಾಟವೇ ಕುತೂಹಲದ ನಿಜವಾದ ನೆಲೆಯೆಂಬುದು ನನ್ನ ಮತ.

ಇದೇ ಹಿಚ್‌ಕಾಕನು 1960ರ 'ಸೈಕೊ' ಚಿತ್ರಕ್ಕೆ, ಆಟ ಮೊದಲಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದೆಂದು ಕಟ್ಟುಮಾಡಿ, ಕೊನೆಯನ್ನು ಹೊರಗೆ ಹೇಳಬೇಡಿರೆಂದು ಕೇಳಿಕೊಳ್ಳಲಿಲ್ಲವೆ ಎನ್ನಬಹುದು. ನಿಜ, ಮೊದಲ ಬೆಚ್ಚಿಗೂ ಅದರದೇ ಬೆಲೆಯುಂಟು. ಆದರೆ ಕೊನೆಯನ್ನು ಬಲ್ಲವನು ಮತ್ತೊಮ್ಮೆ ನೋಡಿದಾಗ, ಸತ್ತ ಹಕ್ಕಿಗಳ ಒಳಗೆ ಹೊಟ್ಟು ತುಂಬಿ ನಿಲ್ಲಿಸಿದ ಆ ಕೋಣೆಯಲ್ಲಿ ಕುಳಿತು ಚಿತ್ರದ ಮುಖ್ಯಪಾತ್ರವಾದ ನಾರ್ಮನ್ ತನ್ನ ತಾಯಿಯನ್ನು ಕುರಿತು ಆಡುವ ಒಂದೊಂದು ನಯದ ಮಾತೂ ಮೈನಡುಗಿಸುತ್ತದೆ. ಆ ಭಯ ಮೊದಲಿನದಕ್ಕಿಂತ ಆಳವಾದುದು.

'ವರ್ಟಿಗೊ' ತೆರೆಕಂಡಾಗ ಅದಕ್ಕೆ ದೊರೆತ ಆದರ ಅಷ್ಟಕ್ಕಷ್ಟೆ. 2012ರಲ್ಲಿ ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಎಲ್ಲಕ್ಕಿಂತ ಶ್ರೇಷ್ಠ ಚಿತ್ರ ಯಾವುದೆಂದು ವಿಮರ್ಶಕರ ಮತವನ್ನು ಕೇಳಿದಾಗ ಅದೇ ಚಿತ್ರ ಮೊದಲ ಸ್ಥಾನಕ್ಕೇರಿತು; ಮತವಿತ್ತವರಲ್ಲಿ ಅದರ ಗುಟ್ಟರಿಯದವರು ಇದ್ದಿರಲಾರರು. ನಮ್ಮ ವಿಮರ್ಶಕರೂ ಇಂಥ ಚಿತ್ರಗಳನ್ನು ಎರಡನೆಯ ಸಲ ನೋಡಿದ ಮೇಲೆಯೇ ತೀರ್ಪು ಬರೆಯಲಿ.