ಎರಡೂ ಡಿಸ್ಕ್ ಒಟ್ಟಿಗೇ ಸಾಯುವುದಿಲ್ಲ



ಶಂಶಾಬಾದಿನಲ್ಲಿ ೨೦೦೮ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮವರೂ ಆ ಕಡೆ ಮನೆ ಮಾಡತೊಡಗಿದರು. ಅಂಥ ಹಿರಿಯರೊಬ್ಬರು ಮೊನ್ನೆ ಫೋನ್ ಮಾಡಿ, "ಕಂಪ್ಯೂಟರ್‌ಗೆ ಡಿಸ್ಕೇ ಕಾಣಿಸುತ್ತಿಲ್ಲವಂತೆ. ಎರಡೂ ಹೋಗಿವೆ, ಹೊಸದು ಹಾಕಿಸಿ ಅಂತ ಅಂಗಡಿಯವನು ಹೇಳಿದ" ಎಂದರು. ಸ್ವಲ್ಪ ತಡೆದು, "ನಮ್ಮಾಕೆ ಹಾಡಿದ ದೇವರನಾಮ ಅದರಲ್ಲೇ ಇದೆ" ಎಂದೂ ಸೇರಿಸಿದರು. ಆ ತಾಯಿ ತೀರಿಕೊಂಡು ಆರು ವರ್ಷವಾಯಿತು. ಬೇರೆ ಪ್ರತಿ ಇರಲಿಲ್ಲ.

ಹೋಗಿ ನೋಡಿದೆ. ಹಳೆಯ ಯಂತ್ರ, ಮನೆ ಬದಲಾಯಿಸುವಾಗ ಮೂರು ತಿಂಗಳು ಡಬ್ಬದಲ್ಲಿದ್ದು, ಆಮೇಲೆ ಲಾರಿಯಲ್ಲಿ ಬಂದಿತ್ತು. ಕಪ್ಪು ಪರದೆಯ ಮೇಲೆ 'ಬೂಟ್ ಆಗುವ ಡಿಸ್ಕ್ ಇಲ್ಲ' ಎಂಬರ್ಥದ ಇಂಗ್ಲಿಷ್ ಸಾಲು. ತಾವು ಇಲ್ಲಿ ಗಮನಿಸಬೇಕು: ಎರಡು ಡಿಸ್ಕ್ ಒಂದೇ ದಿನ ಕೆಡುವುದು ಬಹಳ ಅಪರೂಪ. ಹಾಗಾದಾಗ ಎರಡಕ್ಕೂ ಸಮಾನವಾದದ್ದು ಏನಿದೆ ಎಂದು ಹುಡುಕಬೇಕು.

ಯಂತ್ರ ಶುರುವಾಗುತ್ತಿದ್ದಂತೆ ಡಿಲೀಟ್ ಕೀಲಿ ಒತ್ತಿ (ಕೆಲವದರಲ್ಲಿ ಎಫ್೨) ಬಯೋಸ್ ಒಳಗೆ ಹೋದೆ. ಡಿಸ್ಕುಗಳ ಪಟ್ಟಿ ಖಾಲಿ. ತಾರೀಖು ೨೦೦೯ರ ಜನವರಿ ೧! ಅಂದರೆ ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ ಮುಗಿದಿದೆ. ಗೋಡೆಯ ಪ್ಲಗ್ಗಿನಲ್ಲಿ ಕರೆಂಟ್ ಇರುವಷ್ಟು ಕಾಲ ಸುಸ್ತಾದ ಸೆಲ್ಲೂ ಹೇಗೋ ನಡೆಸುತ್ತದೆ. ತಿಂಗಳುಗಟ್ಟಲೆ ಪ್ಲಗ್ ಕಿತ್ತಿಟ್ಟರೆ ಎಲ್ಲ ಮರೆತುಬಿಡುತ್ತದೆ. ಆದರೆ ಸೆಲ್ ಸತ್ತ ಮಾತ್ರಕ್ಕೆ ಪಟ್ಟಿ ಖಾಲಿಯಾಗಬೇಕಿಲ್ಲ.

ಪ್ಲಗ್ ಕಿತ್ತು, ಡಬ್ಬಿಯ ಲೋಹದ ಭಾಗ ಮುಟ್ಟಿ (ಮೈಯಲ್ಲಿನ ಸ್ಥಿರ ವಿದ್ಯುತ್ ಇಳಿಯಲೆಂದು) ಪಕ್ಕದ ತಗಡು ಬಿಚ್ಚಿದೆ. ಒಳಗೆ ದಖ್ಖನಿನ ಧೂಳೆಲ್ಲ ಸಂಸಾರ ಹೂಡಿತ್ತು. ಎರಡೂ ಡಿಸ್ಕಿಗೆ ಕರೆಂಟ್ ಹೋಗುತ್ತಿದ್ದದ್ದು ಕವಲೊಡೆದ ಒಂದೇ ವೈರಿನಿಂದ. ಅದರ ಬುಡದ ಪಿನ್ನು ಲಾರಿಯ ಕುಲುಕಿಗೆ ಅರ್ಧ ಹೊರಬಂದಿತ್ತು. ಒತ್ತಿ ಕೂರಿಸಿದೆ. ಸಾಟಾ ಕೇಬಲ್ಲುಗಳನ್ನೂ ಕಿತ್ತು ಮತ್ತೆ ಸಿಕ್ಕಿಸಿ, ಸಿಆರ್ ೨೦೩೨ ಎಂಬ ಮೂರು ವೋಲ್ಟಿನ ಹೊಸ ಸೆಲ್ ಹಾಕಿದೆ. ಪಟ್ಟಿಯಲ್ಲಿ ಎರಡೂ ಹೆಸರು ಬಂದವು.

ಕುಣಿದಾಡುವ ಮೊದಲೇ ವಿಂಡೋಸ್ ನೀಲಿ ಪರದೆ ತೋರಿಸಿತು. ಮರೆವಿನಲ್ಲಿ ಬಯೋಸ್ ತನ್ನ ಹುಟ್ಟುಗುಣಕ್ಕೆ ಮರಳಿ, ಸಾಟಾ ರೀತಿಯನ್ನು ಎಎಚ್‌ಸಿಐ ಬದಲು ಐಡಿಇ ಮಾಡಿಕೊಂಡಿತ್ತು. ಅದನ್ನು ತಿದ್ದಿದ ಮೇಲೆ ಸರಿಹೋಯಿತು. ಇಲ್ಲೇ ಎಷ್ಟೋ ಜನ ಗಾಬರಿಯಾಗಿ ವಿಂಡೋಸ್ ಹೊಸದಾಗಿ ಹಾಕಿಸಿ ಕಡತ ಕಳೆದುಕೊಳ್ಳುತ್ತಾರೆ.

ತಮ್ಮಲ್ಲಿ ಒಂದೇ ಡಿಸ್ಕ್ ಮಾಯವಾಗಿದ್ದರೆ ಅದರ ಕೇಬಲ್ ಬದಲಿಸಿ, ಬೇರೆ ಸಾಟಾ ಕಿಂಡಿಗೆ ಹಾಕಿ ನೋಡಿ. ಕೆಲವು ಹೊಸ ಬೋರ್ಡುಗಳಲ್ಲಿ ಎಂ.೨ ಡಿಸ್ಕ್ ಸೇರಿಸಿದರೆ ಒಂದು ಸಾಟಾ ಕಿಂಡಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಬೋರ್ಡಿನ ಕೈಪಿಡಿಯಲ್ಲಿ ಬರೆದಿರುತ್ತಾರೆ. ಬಯೋಸಿನಲ್ಲಿ ಕಂಡು ವಿಂಡೋಸಿನಲ್ಲಿ ಕಾಣದಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ, ಬರೀ ಅಕ್ಷರ ತಪ್ಪಿಹೋಗಿರಬಹುದು. 'ಫಾರ್ಮ್ಯಾಟ್ ಮಾಡಲೇ?' ಎಂದು ಕೇಳಿದರೆ ದಯವಿಟ್ಟು ಬೇಡವೆನ್ನಿ. ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಕೂಡಲೇ ಆರಿಸಿ, ಪದೇ ಪದೇ ಶುರುಮಾಡಬೇಡಿ. ವೈರು, ಸೆಲ್ಲು ಬೇಕಾದರೆ ಸಿಕಂದರಾಬಾದ್ ಪಾರ್ಕ್‌ಲೇನಿನ ಚೆನಾಯ್ ಟ್ರೇಡ್ ಸೆಂಟರ್ ಇದ್ದೇ ಇದೆ.

ಹಿರಿಯರ ಡಿಸ್ಕಿನಲ್ಲಿ ಹಳೆಯ ನುಡಿ, ಬರಹ ಕಡತಗಳೂ ಇದ್ದವು. ಯೂನಿಕೋಡ್‌ಗೆ ಮೊದಲಿನವಾದ್ದರಿಂದ ಅವುಗಳ ಫಾಂಟನ್ನೂ ಜೊತೆಗೇ ಎರಡು ಕಡೆ ಪ್ರತಿ ಮಾಡಿಕೊಟ್ಟೆ. ಅದು ಮುಗಿಯುವಷ್ಟರಲ್ಲಿ ರಾಯರು ದೇವರನಾಮ ಹಚ್ಚಿದರು. ಹಿನ್ನೆಲೆಯಲ್ಲಿ ಕುಕ್ಕರ್ ಮೂರು ಸಲ ಕೂಗಿತು. "ಆವತ್ತು ಬಿಸಿಬೇಳೆಬಾತ್ ಮಾಡಿದ್ದಳು" ಎಂದರು.