ಮನೆ ಮಂಟಪವಾಗಲಿ, ಬಾಗಿಲು ತೆರೆದಿರಲಿ



ಇಡಗುಂಜಿ ಎಂದೊಡನೆ ನಾಡಿನವರಿಗೆಲ್ಲ ನೆನಪಾಗುವುದು ಅಲ್ಲಿಯ ಮಹಾಗಣಪತಿ. ಹೊನ್ನಾವರ ತಾಲ್ಲೂಕಿನ ಆ ಊರಿನ ಸಮೀಪ ನಮ್ಮ ಶ್ರೀಮಠದ ಭಕ್ತ ಕುಟುಂಬವೊಂದು ನೆಲೆಸಿದೆ. ಹಾವೇರಿಯ ಕಡೆಯಿಂದ ಬಂದು ಅಡಿಕೆ ತೋಟವೊಂದನ್ನು ಗೇಣಿಗೆ ಹಿಡಿದು ಬದುಕು ಕಟ್ಟಿಕೊಂಡವರು ಅವರು. ಒಂಬತ್ತು ವರ್ಷದ ಮಗಳು, ಏಳು ವರ್ಷದ ಮಗ. ಮಕ್ಕಳಿಬ್ಬರನ್ನೂ ಶಾಲೆಯಿಂದ ಬಿಡಿಸಿ ಮನೆಯಲ್ಲಿಯೇ ಪಾಠ ಹೇಳುತ್ತಿರುವುದಾಗಿಯೂ ಅದಕ್ಕೆ ಪೂಜ್ಯರ ಆಶೀರ್ವಾದ ಬೇಕೆಂದೂ ಅವರು ಶ್ರೀಮಠಕ್ಕೆ ಬಿನ್ನವಿಸಿಕೊಂಡಿದ್ದರು. "ಹೋಗಿ ನೋಡಿ ಬಾ, ಕಂಡದ್ದನ್ನು ಬರೆ" ಎಂದು ಪೂಜ್ಯರು ನನಗೆ ಅಪ್ಪಣೆ ಮಾಡಿದರು. ಕಳೆದ ಚೈತ್ರಮಾಸದಲ್ಲಿ ಎರಡು ದಿನ ಆ ಮನೆಯಲ್ಲಿದ್ದು ಬಂದೆ. ಈ ಬರಹದಲ್ಲಿರುವುದು ಅಲ್ಲಿ ಕಂಡದ್ದು, ಮತ್ತು ಅದರ ಬಗ್ಗೆ ನನ್ನ ಅಭಿಪ್ರಾಯ.

ವಸಂತದ ಕರಾವಳಿ ತಾನೇ ಒಂದು ಪಾಠಶಾಲೆ. ಬೆಳಕು ಹರಿಯುವ ಮುನ್ನ ಮಕ್ಕಳು ಮಿಂದು ತಂದೆತಾಯಿಯ ಬದಿಯಲ್ಲಿ ಕುಳಿತು ಇಷ್ಟಲಿಂಗ ಪೂಜೆ ಮಾಡುತ್ತಾರೆ. ಬಳಿಕ ಒಂದು ವಚನವನ್ನು ಓದಿ, ಅದನ್ನು ತಮ್ಮ ಪುಸ್ತಕದಲ್ಲಿ ನಕಲು ಮಾಡುತ್ತಾರೆ. ಬಿಸಿಲೇರುವ ಮೊದಲೇ ತೋಟಕ್ಕೆ ಹೋಗಿ, ಗೇರುಮರದ ಕೆಳಗೆ ಬಿದ್ದ ಹಣ್ಣುಗಳನ್ನು ಆಯ್ದು ಬೀಜವನ್ನು ಬೇರ್ಪಡಿಸುತ್ತಾರೆ. ಎಣಿಕೆ, ತೂಕ, ಬೆಲೆ ಇವೆಲ್ಲ ಅಲ್ಲಿಯೇ ಗಣಿತವಾಗುತ್ತವೆ. ಬೀಜವು ಹಣ್ಣಿನ ಹೊರಗೆ ತೂಗುವುದೇಕೆಂಬ ಪ್ರಶ್ನೆ ವಿಜ್ಞಾನದ ಪಾಠವಾಗುತ್ತದೆ. ಮಧ್ಯಾಹ್ನದ ಸೆಕೆಯಲ್ಲಿ ಜಗಲಿಯ ಮೇಲೆ ಕಥೆ, ಚಿತ್ರ, ಓದು. ಹಿಂದೆ ಓದುತ್ತಿದ್ದ ಶಾಲೆಯಲ್ಲಿ ಅಂಕಗಳ ಭಯದಿಂದ ಮಾತನ್ನೇ ಕಡಿಮೆ ಮಾಡಿದ್ದ ಹುಡುಗಿ ಈಗ ನನ್ನಂಥವನಿಗೂ ಉತ್ತರ ತಿಳಿಯದ ಪ್ರಶ್ನೆಗಳನ್ನು ಕೇಳುತ್ತಾಳೆ. ಕಾಯಕ ಬೇರೆ, ಅರಿವು ಬೇರೆ ಎಂದು ಶರಣರು ಎಣಿಸಲಿಲ್ಲ. ಅಂಬಿಗನ ಹುಟ್ಟು, ಮಡಿವಾಳನ ಬಟ್ಟೆ, ನೇಕಾರನ ಮಗ್ಗ ಇವೆಲ್ಲವೂ ವಚನದ ಭಾಷೆಯಾದದ್ದು ಹಾಗೆಯೇ. ಆ ಬೆಳಗನ್ನು ಕಂಡಾಗ ನನ್ನ ಮನಸ್ಸು ತುಂಬಿ ಬಂತೆಂಬುದನ್ನು ಮುಚ್ಚಿಡಲಾರೆ.

ಎರಡನೆಯ ದಿನ ನಾನು ಮಕ್ಕಳಿಗೆ ಆಯ್ದಕ್ಕಿ ದಂಪತಿಗಳ ಪ್ರಸಂಗವನ್ನು ಹೇಳಿದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟು ಆಸೆ ನಮಗೇಕೆ ಎಂದು ಲಕ್ಕಮ್ಮ ಹೆಚ್ಚಿನ ಅಕ್ಕಿಯನ್ನು ಅಲ್ಲಿಗೇ ಹಿಂದಿರುಗಿಸಿ ಬರಲು ಹೇಳಿದಳು. ಕಥೆ ಮುಗಿದೊಡನೆ ಹುಡುಗ ತನ್ನ ಬುಟ್ಟಿಯ ಗೇರುಬೀಜಗಳನ್ನು ನೋಡಿದ. ಅಪ್ಪ ಹೇಳಿದ್ದಕ್ಕಿಂತ ಒಂದು ಬೊಗಸೆ ಹೆಚ್ಚಿತ್ತು. "ಮಾಮಾ, ಇವನ್ನ ಯಾರಿಗೆ ಕೊಡೂದು? ನಮ್ಮನಿಗೆ ಯಾರೂ ಬರೂದಿಲ್ಲಲ್ಲ" ಎಂದ.

ಆ ಮಾತಿಗೆ ಮನೆಯ ಹಿರಿಯರು ಉತ್ತರಿಸಲಿಲ್ಲ. ನನಗೂ ಉತ್ತರ ಹೊಳೆಯಲಿಲ್ಲ. ಮಗು ತಾತ್ಸಾರದಿಂದ ಹಾಗೆಂದದ್ದಲ್ಲ, ತನಗೆ ಕಂಡದ್ದನ್ನು ಹೇಳಿತ್ತು. ದಾಸೋಹದ ಪಾಠ ಆ ಮಗುವಿಗೆ ಬಾಯಿಪಾಠವಾಗಿತ್ತು. ದಾಸೋಹವನ್ನು ಸ್ವೀಕರಿಸುವ ಕೈಗಳು ಮಾತ್ರ ಅದರ ಬದುಕಿನಲ್ಲಿ ಇರಲಿಲ್ಲ.

ರಾತ್ರಿ ಪ್ರಸಾದದ ಬಳಿಕ ಮನೆಯ ಅಕ್ಕನವರು ತಮ್ಮ ನಿಲುವನ್ನು ವಿವರಿಸಿದರು. ಇದೇ ಜಿಲ್ಲೆಯ ಅಂಕೋಲೆಯ ಸುಕ್ರಿ ಬೊಮ್ಮಗೌಡರು, ತುಳಸಿ ಗೌಡರು ಯಾವ ಶಾಲೆಯಲ್ಲಿ ಓದಿದ್ದರು ಎಂದು ಕೇಳಿದರು. ಸರಿಯಾದ ಪ್ರಶ್ನೆಯೇ. ಹಾಲಕ್ಕಿ ಸಮುದಾಯದ ಹಾಡುಗಳನ್ನು ಕಂಠದಲ್ಲಿ ಹೊತ್ತ ಸುಕ್ರಜ್ಜಿಗೆ 2017ರಲ್ಲಿ, ಗಿಡಮರಗಳ ಮರ್ಮವನ್ನರಿತ ತುಳಸಜ್ಜಿಗೆ 2020ನೇ ಸಾಲಿನಲ್ಲಿ ಪದ್ಮಶ್ರೀ ಪುರಸ್ಕಾರ ಸಂದಿತು. ತುಳಸಜ್ಜಿ 2024ರ ಡಿಸೆಂಬರ್‌ನಲ್ಲಿಯೂ ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿಯೂ ನಮ್ಮನ್ನಗಲಿದರು. ಶಾಲೆಯಿಲ್ಲದೆಯೂ ಜ್ಞಾನ ಅರಳುವುದೆಂಬುದಕ್ಕೆ ಇಬ್ಬರೂ ಸಾಕ್ಷಿ. ಆದರೆ ಎರಡು ಸಂಗತಿಗಳನ್ನು ನಾವು ಮರೆಯಬಾರದು. ಮೊದಲನೆಯದು, ಶಾಲೆಯ ಮೆಟ್ಟಿಲು ಹತ್ತದಿದ್ದುದು ಅವರ ಆಯ್ಕೆಯಾಗಿರಲಿಲ್ಲ; ಬಡತನ ಅವರನ್ನು ಹೊರಗೆ ನಿಲ್ಲಿಸಿತ್ತು. ಎರಡನೆಯದು, ಅವರು ಕಲಿತದ್ದು ನಾಲ್ಕು ಗೋಡೆಗಳ ನಡುವೆ ಅಲ್ಲ. ಸುಗ್ಗಿಯ ಹಾಡನ್ನು ಒಬ್ಬರೇ ಕುಳಿತು ಕಲಿಯಲಾಗದು. ಅದಕ್ಕೆ ಊರು ಬೇಕು. ಸಸಿಮಡಿಯಲ್ಲಿ ಜೊತೆಗೆ ದುಡಿದವರ ನಡುವೆಯೇ ತುಳಸಜ್ಜಿಯ ಕೈ ಪಳಗಿತು.

ಇನ್ನು ನಮ್ಮ ಪರಂಪರೆಯನ್ನು ನೋಡೋಣ. ಬಾಗೇವಾಡಿಯ ಮನೆಯಲ್ಲಿ ಬಾಲಕ ಬಸವಣ್ಣನವರಿಗೆ ವಿದ್ಯೆಗೆ ಕೊರತೆಯಿರಲಿಲ್ಲ. ಆದರೂ ಅವರು ಮನೆಯನ್ನು ತೊರೆದು ಕೂಡಲಸಂಗಮಕ್ಕೆ ನಡೆದರೆಂದು ಪರಂಪರೆ ಹೇಳುತ್ತದೆ. ತನ್ನವರ ನಡುವೆ ಮಾತ್ರ ಸುತ್ತುವ ವಿದ್ಯೆ ಸಾಲದೆಂದು ಆ ಎಳೆಯ ವಯಸ್ಸಿಗೇ ಅನ್ನಿಸಿದ್ದಿರಬೇಕು. ಮುಂದೆ ಕಲ್ಯಾಣದಲ್ಲಿ ಅವರ ಮಹಾಮನೆಯು ಮನೆಯೇ ಹೌದು; ಆದರೆ ಅದರ ಹಿರಿಮೆಯಿದ್ದದ್ದು ಒಳಗೆ ಬಂದವರಲ್ಲಿ. ಬೇರೆ ಬೇರೆ ಕುಲದ, ಬೇರೆ ಬೇರೆ ಕಾಯಕದ ಜನ ಎದುರುಬದುರು ಕುಳಿತು ಪ್ರಶ್ನಿಸಿದ್ದರಿಂದಲೇ ಅನುಭವ ಮಂಟಪ ಎಂಬ ಹೆಸರಿಗೆ ಅರ್ಥ ಬಂದಿತು.

ಮನೆಯು ಜ್ಞಾನವನ್ನು ಕಾಪಾಡಬಲ್ಲುದು, ಅದನ್ನು ಮುಚ್ಚಿಯೂ ಇಡಬಲ್ಲುದು. ವಚನಗಳ ಇತಿಹಾಸವೇ ಇದಕ್ಕೆ ಸಾಕ್ಷಿ. ತಾಳೆಗರಿಯ ಕಟ್ಟುಗಳನ್ನು ನೂರಾರು ವರ್ಷ ಉಳಿಸಿದ್ದು ನಮ್ಮ ಮಠಗಳು ಮತ್ತು ಮನೆಗಳೇ. ಆದರೆ ಎಷ್ಟೋ ಮನೆಗಳಲ್ಲಿ ಅವು ದೇವರ ಕೋಣೆಯಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಯಾರೂ ಬಿಚ್ಚಿ ಓದದೆ ಉಳಿದಿದ್ದವು. ಡಾ. ಫ. ಗು. ಹಳಕಟ್ಟಿಯವರು (1880–1964) ಊರೂರು ಅಲೆದು ಅವನ್ನು ಸಂಗ್ರಹಿಸಿ, ಅಚ್ಚು ಹಾಕಿಸುವ ಸಲುವಾಗಿ ಸ್ವಂತ ಮನೆಯನ್ನೂ ಮಾರಿದರು. ಮಕ್ಕಳೂ ಪೂಜಿಸಿ ಕಟ್ಟಿಟ್ಟ ತಾಳೆಗರಿಗಳಂತೆ ಆಗಬಾರದಷ್ಟೆ.

ಮತ್ತೊಂದು ಮಾತು. ಅಕ್ಷರವು ಎಲ್ಲರಿಗೂ ದಕ್ಕಲೆಂದು ನಮ್ಮ ಹಿರಿಯರು ಪಟ್ಟ ಶ್ರಮ ಅಲ್ಪವಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಸಿದ್ಧಗಂಗೆಯಲ್ಲಿ ಲಿಂಗೈಕ್ಯ ಡಾ. ಶಿವಕುಮಾರ ಸ್ವಾಮಿಗಳು ಜಾತಿ ಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನೀಡಿದರು. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾಗಿ ಬಳಿಕ ರಾಜ್ಯವನ್ನೆಲ್ಲ ವ್ಯಾಪಿಸಿದ ಶಾಲೆಯ ಬಿಸಿಯೂಟಕ್ಕೆ ಸರ್ಕಾರ ಇಟ್ಟ ಹೆಸರು 'ಅಕ್ಷರ ದಾಸೋಹ'. ಶರಣರ ಮಾತೇ ಅದು. ಊರಿನ ಸರ್ಕಾರಿ ಶಾಲೆಯಲ್ಲಿ ಮೀನುಗಾರರ ಮಗು, ಕೂಲಿಯವರ ಮಗು, ಅರ್ಚಕರ ಮಗು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದಾದರೆ, ಅಂಥ ಪಾಠವನ್ನು ಎಷ್ಟೇ ಓದಿದ ತಂದೆತಾಯಿಯೂ ಮನೆಯಲ್ಲಿ ಒಬ್ಬರೇ ಹೇಳಿಕೊಡಲಾರರು.

ಹಾಗೆಂದು ಶಾಲೆಗಳೆಲ್ಲ ನಿರ್ದೋಷಿಗಳೆಂದು ನಾನು ಹೇಳುತ್ತಿಲ್ಲ. ಭಯದಿಂದ ಮೂಕವಾದ ಮಗುವನ್ನು ಹೊರಗೆ ಕರೆತಂದ ತಾಯಿಯನ್ನು ತಪ್ಪುಗಾರ್ತಿ ಎನ್ನುವ ಅಧಿಕಾರ ಯಾರಿಗೂ ಇಲ್ಲ. 2020ರಲ್ಲಿ ಕೊರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ ನಮ್ಮ ನಾಡಿನ ಶಿಕ್ಷಕರು 'ವಿದ್ಯಾಗಮ'ದ ಹೆಸರಿನಲ್ಲಿ ಕೆಲಕಾಲ ಜಗಲಿಗಳಲ್ಲಿ, ಗುಡಿಗಳ ಅಂಗಳಗಳಲ್ಲಿ, ಮರದ ನೆರಳಿನಲ್ಲಿ ಪಾಠ ಮಾಡಿದರು. ಕಟ್ಟಡವಿಲ್ಲದಿದ್ದರೂ ಶಾಲೆ ನಡೆಯುತ್ತದೆ, ಒಡನಾಡಿಗಳಿಲ್ಲದಿದ್ದರೆ ನಡೆಯದು ಎಂಬುದನ್ನು ಆ ದಿನಗಳು ಕಲಿಸಿದವು.

ಆದುದರಿಂದ ಆ ಕುಟುಂಬಕ್ಕೆ ನಾನು ವಿನಯದಿಂದ ಅರಿಕೆ ಮಾಡಿದ್ದು ಇಷ್ಟು. ಆರರಿಂದ ಹದಿನಾಲ್ಕು ವಯಸ್ಸಿನ ಮಕ್ಕಳನ್ನು ನೆರೆಯ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯವೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಹಿಂದಿನ ಶಾಲೆ ಒಗ್ಗದಿದ್ದರೆ ಬೇರೊಂದನ್ನು, ಊರಿನ ಸರ್ಕಾರಿ ಶಾಲೆಯನ್ನು, ಒಮ್ಮೆ ಹೋಗಿ ನೋಡಿರಿ. ಬೆಳಗಿನ ಪೂಜೆ, ವಚನ, ತೋಟ ಯಾವುದೂ ಅದರಿಂದ ತಪ್ಪುವುದಿಲ್ಲ. ಅಲ್ಲಿಯವರೆಗೆ ಸಂಜೆಯ ಹೊತ್ತು ಜಗಲಿಯನ್ನು ನೆರೆಯ ಮಕ್ಕಳಿಗೂ ತೆರೆಯಿರಿ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿಯ ಗಣಪತಿಯ ಹೆಸರಿನಲ್ಲಿಯೇ ಯಕ್ಷಗಾನ ಮಂಡಳಿಯನ್ನು ಕಟ್ಟಿದ ನೆಲವಿದು. ಮಕ್ಕಳನ್ನು ಆಟಕ್ಕೆ ಕರೆದೊಯ್ಯಿರಿ. ಎದುರಿನ ವೇಷಧಾರಿಯ ಮಾತನ್ನು ಕೇಳಿಸಿಕೊಂಡು ಅಲ್ಲಿಯೇ ಉತ್ತರ ಕಟ್ಟುವ ಆ ಅರ್ಥಗಾರಿಕೆಯನ್ನು ಅವರು ಕಾಣಲಿ. ಎದುರಾಳಿಯಿಲ್ಲದೆ ಮಾತು ಬೆಳೆಯದು.

ನಾನು ಹೊರಟು ನಿಂತಾಗ ಆ ಹುಡುಗ ತನ್ನ ಬೊಗಸೆ ಗೇರುಬೀಜವನ್ನು ಕಾಗದದಲ್ಲಿ ಕಟ್ಟಿ ನನ್ನ ಕೈಗಿತ್ತ. ಶ್ರೀಮಠದ ದಾಸೋಹಕ್ಕೆ ಒಪ್ಪಿಸಿದ್ದೇನೆ. ಮುಂದಿನ ವಸಂತದಲ್ಲಿ ಆ ಕಾಣಿಕೆ ಅಷ್ಟು ದೂರ ಪ್ರಯಾಣ ಮಾಡಬೇಕಾಗದಿರಲಿ. ಪಕ್ಕದ ಮನೆಯ ಗೆಳೆಯನ ಕೈಗೇ ಸೇರಲಿ ಎಂಬುದು ನನ್ನ ಪ್ರಾರ್ಥನೆ.