ಕ್ಷ-ಕಿರಣದ ಕೋಣೆಗೆ ಹೋಗುವ ಮುನ್ನ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ಸೀಮೆಯ ಗೃಹಸ್ಥರಲ್ಲಿ ನಾವು ಎರಡು ಬಗೆಯವರನ್ನು ಕಾಣುತ್ತೇವೆ. ವೈದ್ಯರು ಎದೆಗೆ ಕೊಳವೆಯಿಟ್ಟು ನೋಡಿ, ಇದು ಬರಿಯ ಶೀತವೆಂದರೂ ತೃಪ್ತರಾಗದೆ, "ಒಂದು ಸ್ಕ್ಯಾನಿಂಗ್ ಬರೆದುಕೊಡಿ ಸ್ವಾಮಿ" ಎಂದು ಹಟ ಹಿಡಿಯುವವರು ಒಂದು ಬಗೆ. ಅರ್ಬುದರೋಗಕ್ಕೆ ಚಿಕಿತ್ಸೆ ಬೇಕೇಬೇಕೆಂದು ಹೇಳಿದರೂ, "ಕರೆಂಟು ಕೊಟ್ಟರೆ ಆಳು ಸುಟ್ಟುಹೋಗುತ್ತಾನೆ" ಎಂದು ರೋಗಿಯನ್ನು ಮನೆಗೆ ಕರೆತರುವವರು ಇನ್ನೊಂದು ಬಗೆ. ಇಬ್ಬರಿಗೂ ವಸ್ತುವಿನ ಪರಿಚಯವಿಲ್ಲ.

ಈ ಕಿರಣವನ್ನು ಜರ್ಮನಿಯ ರಾಂಟ್ಜೆನ್ ಪಂಡಿತನು 1895ನೆಯ ನವೆಂಬರ್ 8ರಂದು ಕಂಡನು. ಸ್ವರೂಪ ತಿಳಿಯದಿದ್ದುದರಿಂದ ಬೀಜಗಣಿತದ ಅಜ್ಞಾತರಾಶಿಯ ಹೆಸರನ್ನೇ ಅದಕ್ಕೆ ಇಟ್ಟನು. ನಮ್ಮವರು ಅದನ್ನು 'ಕ್ಷ' ಎಂದರು. ಕ್ಷೇಮಕ್ಕೂ ಕ್ಷಯಕ್ಕೂ ಅದೇ ಮೊದಲಕ್ಷರವಲ್ಲವೆ! ಎರಡನೆಯ ಅರ್ಥವು ತಿಳಿಯಲು ಬಹಳ ಕಾಲ ಹಿಡಿಯಲಿಲ್ಲ. ಅಮೆರಿಕದ ಎಡಿಸನ್ನನ ಸಹಾಯಕನಾದ ಕ್ಲಾರೆನ್ಸ್ ಡ್ಯಾಲಿಯು ಯಂತ್ರವನ್ನು ಪರೀಕ್ಷಿಸಲು ತನ್ನ ಕೈಯನ್ನೇ ಪದೇಪದೇ ಒಡ್ಡಿ, ಹುಣ್ಣಾಗಿ, ತೋಳುಗಳನ್ನು ಕಳೆದುಕೊಂಡು 1904ರಲ್ಲಿ ಮೃತನಾದನು. ಎಡಿಸನ್ನನು ಆ ಕೆಲಸವನ್ನೇ ಕೈಬಿಟ್ಟನು.

ವಿಕಿರಣವನ್ನು ಅಳೆಯುವ ಮಾನಕ್ಕೆ ಮಿಲಿಸೀವರ್ಟ್ ಎಂದು ಹೆಸರು. ಮಣ್ಣು, ಕಲ್ಲು, ಆಕಾಶ, ಉಣ್ಣುವ ಅನ್ನ ಇವುಗಳಿಂದಲೇ ಮನುಷ್ಯನಿಗೆ ಲೋಕದ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ ಬರುತ್ತದೆ. ಎದೆಯ ಒಂದು ಎಕ್ಸ್‌ರೇಯಿಂದ ಬರುವುದು 0.1ರಷ್ಟು, ಹಲವು ವೇಳೆ ಅದಕ್ಕಿಂತಲೂ ಕಡಿಮೆ. ಹೊಟ್ಟೆಯ ಸಿ.ಟಿ. ಸ್ಕ್ಯಾನಿನಿಂದ ಬರುವುದೋ ಸುಮಾರು 8ರಿಂದ 10, ಎಂದರೆ ಮೂರು ನಾಲ್ಕು ವರ್ಷಗಳ ಸಹಜ ಪಾಲು ಒಂದೇ ಗಳಿಗೆಯಲ್ಲಿ! ಅಗತ್ಯವಿದ್ದಲ್ಲಿ ಇದು ಪ್ರಾಣ ಉಳಿಸುತ್ತದೆ. ಅಗತ್ಯವಿಲ್ಲದಲ್ಲಿ, ಅರ್ಬುದದ ಸಂಭವವನ್ನು ಅಲ್ಪವಾದರೂ ಹೆಚ್ಚಿಸುವುದನ್ನು ಹಣ ಕೊಟ್ಟು ತಂದುಕೊಂಡಂತಾಯಿತು. ಮಕ್ಕಳ ಎಳೆಯ ಅಂಗಗಳಿಗೆ ಈ ಭಯವು ಹೆಚ್ಚು.

ನಮ್ಮ ಕಡೆ 'ಸ್ಕ್ಯಾನಿಂಗ್' ಎಂಬ ಒಂದೇ ಮಾತು ಮೂರು ಯಂತ್ರಗಳಿಗೆ ನಡೆಯುತ್ತಿರುವುದು ದೊಡ್ಡ ತೊಡಕು. ಬಸುರಿಯರ ಹೊಟ್ಟೆಯ ಮೇಲೆ ಆಡಿಸುವುದು ಶಬ್ದತರಂಗದ ಯಂತ್ರ. ಎಂ.ಆರ್.ಐ. ಅಯಸ್ಕಾಂತದ್ದು. ಇವೆರಡರಲ್ಲಿಯೂ ಕ್ಷ-ಕಿರಣವಿಲ್ಲ. ಸಿ.ಟಿ.ಯಲ್ಲಿ ಉಂಟು. ಆದುದರಿಂದ, "ಯಾವ ಸ್ಕ್ಯಾನಿಂಗ್? ಇದರಿಂದ ಚಿಕಿತ್ಸೆಯಲ್ಲಿ ಏನು ಬದಲಾಗುವುದು?" ಎಂದು ವಿನಯದಿಂದ ಕೇಳುವುದಕ್ಕೆ ಯಾರೂ ಸಂಕೋಚಪಡಬೇಕಾಗಿಲ್ಲ. ಕೃಷ್ಣರಾಜನಗರದಲ್ಲಿ ತೆಗೆಸಿದ ಫಿಲ್ಮನ್ನು ಅಟ್ಟದ ಮೇಲೆಸೆದು ಮೈಸೂರಿಗೆ ಬರಿಗೈಯಲ್ಲಿ ಹೋದರೆ, ಅಲ್ಲಿ ಮತ್ತೆ ತೆಗೆಯದೆ ಗತ್ಯಂತರವಿಲ್ಲ. ಮನೆಯ ಪತ್ರಗಳನ್ನು ಇಡುವಷ್ಟೇ ಜೋಪಾನವಾಗಿ ಫಿಲ್ಮನ್ನೂ ವರದಿಯನ್ನೂ ಇಡತಕ್ಕದ್ದು.

ಹಾಗೆಂದು, ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ ದುಡಿದು ಎರಡು ವಾರ ಮೀರಿ ಕೆಮ್ಮುವ ಹುಣಸೂರಿನ ರೈತನು, ಕೋಟೆಯ ಹಾಡಿಯಲ್ಲಿ ಮೈ ಇಳಿದು ಸೊರಗಿದವನು, ವೈದ್ಯರು ಹೇಳಿದ ಎದೆಯ ಚಿತ್ರಕ್ಕೆ ಹೆದರಬಾರದು. ಅಲ್ಲಿ ಕಿರಣದ ಭಯಕ್ಕಿಂತ ಕ್ಷಯದ ಭಯವು ನೂರುಮಡಿ ದೊಡ್ಡದು.

ಭಾರತದಲ್ಲಿ ಈ ಯಂತ್ರಗಳ ಮೇಲ್ವಿಚಾರಣೆಗೆ 1983ರಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಲಿಯು ಸ್ಥಾಪಿತವಾಯಿತು. ಅದರ ಅನುಮತಿಯಿಲ್ಲದೆ ಎಕ್ಸ್‌ರೇ ಯಂತ್ರವನ್ನು ನಡೆಸುವಂತಿಲ್ಲ. ಊರು ಸಣ್ಣದೆಂಬ ವಿನಾಯಿತಿಯೂ ಇಲ್ಲ. ಬಾಗಿಲು ತೆರೆದಿಟ್ಟು, ಮಗುವಿನ ಸುತ್ತ ಅಜ್ಜಿ, ಅತ್ತೆ, ಸೋದರಮಾವಂದಿರೆಲ್ಲ ನೆರೆದು ನಿಂತಿರುವಾಗ ಗುಂಡಿ ಒತ್ತುವ ಕಡೆ ನಮಗೆ ವಿಶ್ವಾಸ ಹುಟ್ಟುವುದಿಲ್ಲ. ಮಗುವನ್ನು ಹಿಡಿಯಲೇಬೇಕಾದರೆ ಒಬ್ಬರು ಸಾಕು. ಅವರು ಸೀಸದ ಮೇಲಂಗಿಯನ್ನು ಕೇಳಿ ಧರಿಸಬೇಕು, ಅವರು ಗರ್ಭಿಣಿಯಾಗಿರಕೂಡದು. ಉಳಿದವರು ಹೊರಗಿರಲಿ. ಕಿರಣದ ಮೂಲದಿಂದ ದೂರವು ಎರಡುಪಟ್ಟಾದರೆ ಬೀಳುವ ಪ್ರಮಾಣವು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಸೊಸೆಯಂದಿರ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮುಟ್ಟು ನಿಂತು ಹತ್ತು ದಿನವಾಗಿದ್ದರೂ, ಮಾವನವರು ಜೊತೆಯಲ್ಲಿದ್ದಾರೆಂಬ ನಾಚಿಕೆಯಿಂದ ಹುಡುಗಿಯು ಬಾಯಿ ಬಿಡುವುದಿಲ್ಲ. ಗೋಡೆಯ ಮೇಲೆ ಎಚ್ಚರಿಕೆಯ ಫಲಕವಿದ್ದರೂ ಅದನ್ನು ಓದಿ ಸುಮ್ಮನಾಗುತ್ತಾಳೆ. ಮನೆಯಿಂದ ಹೊರಡುವ ಮೊದಲೇ ಅತ್ತೆಯವರು ಮೆಲ್ಲನೆ ವಿಚಾರಿಸಿ, ಸಂಶಯವಿದ್ದಷ್ಟಕ್ಕೇ ವೈದ್ಯರಿಗೆ ತಿಳಿಸಲಿ. ಪರೀಕ್ಷೆಯನ್ನು ಮುಂದಕ್ಕೆ ಹಾಕುವುದೋ, ಬೇರೆ ಯಂತ್ರದಿಂದ ನೋಡುವುದೋ ಅವರು ನಿರ್ಣಯಿಸುತ್ತಾರೆ.

ಇನ್ನು 'ಕರೆಂಟಿನ' ಮಾತು. ಅಲ್ಲಿ ರೋಗಿಯ ಮೈಯೊಳಗೆ ವಿದ್ಯುತ್ತು ಹರಿಯುವುದಿಲ್ಲ. ಗಂಟಿರುವ ಸ್ಥಳಕ್ಕೆ ಲೆಕ್ಕಹಾಕಿ ಕಿರಣವನ್ನು ಗುರಿಯಿಡುತ್ತಾರೆ. ಒಟ್ಟು ಪ್ರಮಾಣವನ್ನು ಹಲವು ದಿನಗಳಿಗೆ ಹಂಚುತ್ತಾರೆ. ನಡುನಡುವೆ ಆರೋಗ್ಯವಂತ ಕಣಗಳು ಚೇತರಿಸಿಕೊಳ್ಳಲೆಂದೇ ಈ ಹಂಚಿಕೆ. ಚರ್ಮವು ಕಪ್ಪಾಗುವುದು, ಬಾಯಿ ಹುಣ್ಣಾಗುವುದು ಉಂಟು. ಅದನ್ನು ಮುಚ್ಚಿಡದೆ ಹೇಳಿದರೆ ಉಪಚಾರವೂ ಉಂಟು. ಹತ್ತು ದಿನ ಮಾಡಿಸಿ, ಊರಹಬ್ಬಕ್ಕೆಂದು ಮೈಸೂರಿನಿಂದಲೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿಂದಲೋ ಎದ್ದುಬಂದರೆ, ಆ ವಿರಾಮದಲ್ಲಿ ಗಂಟೂ ಚೇತರಿಸಿಕೊಳ್ಳುತ್ತದೆ. ಹೊರಗಿನ ಯಂತ್ರದಿಂದ ಚಿಕಿತ್ಸೆ ಪಡೆದವನು ಮನೆಗೆ ಬಂದು ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು. ಅವನ ಮೈಯಲ್ಲಿ ಕಿರಣವು ಉಳಿದಿರುವುದಿಲ್ಲ. ಗಂಟಲಿನ ಥೈರಾಯ್ಡ್ ಗ್ರಂಥಿಗಾಗಿ ವಿಕಿರಣದ ಅಯೋಡಿನ್ ಕುಡಿದವರ ಸಂಗತಿ ಬೇರೆ: ಅದರ ಶಕ್ತಿಯು ಅರ್ಧಕ್ಕೆ ಇಳಿಯಲು ಸುಮಾರು ಎಂಟು ದಿನ ಬೇಕು. ಅವರು ವೈದ್ಯರು ಹೇಳಿದಷ್ಟು ದಿನ ಬೇರೆ ಹಾಸಿಗೆಯಲ್ಲಿ ಮಲಗಿ, ಮಕ್ಕಳಿಂದಲೂ ಬಸುರಿಯರಿಂದಲೂ ದೂರವಿರಬೇಕು.